ಬೆರಳಲ್ಲಿ ಉಳಿದ ಸುಣ್ಣ

ಬೆರಳು ಮೊದಲು ಬಾಯಿಗೆ ಹೋಯಿತೋ, ಬೀಕರಿಗೆ ಹೋಯಿತೋ ಎಂಬುದು ಹನ್ನೊಂದು ತಿಂಗಳಾದರೂ ದಮಯಂತಿಗೆ ನೆನಪಾಗಲಿಲ್ಲ. ನೆಕ್ರಾಜೆಯಲ್ಲಿ ಹತ್ತಿದ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತ್ತು. ಹೊರಗೆ ನೋಡುವ ಮನಸ್ಸಾಗದೆ ಅವಳು ತನ್ನ ಬಲಗೈಯ ತೋರುಬೆರಳನ್ನು ನೋಡುತ್ತ ಕೂತಿದ್ದಳು. ಗೇರುಬೀಜದ ಫ್ಯಾಕ್ಟರಿಯಲ್ಲಿ ಇಪ್ಪತ್ತೆರಡು ವರ್ಷ ಬೀಜ ಸುಲಿದ ಬೆರಳು. ಬೀಜದ ಎಣ್ಣೆಗೆ ಸುಟ್ಟು ಸುಟ್ಟು ತುದಿಯ ಗೆರೆಗಳೆಲ್ಲ ಅಳಿಸಿಹೋಗಿ, ಆಧಾರ್ ಕಾರ್ಡಿಗೆ ಒತ್ತುವಾಗ ಮೆಷಿನು ಮೂರು ಸಲ ಬೇಡ ಎಂದಿತ್ತು. ನಿಮಗೆ ಬೆರಳೇ ಇಲ್ಲವಲ್ಲ ಅಂತ ಅಲ್ಲಿ ಕೂತ ಹುಡುಗಿ ನಕ್ಕಿದ್ದಳು. ಇಲ್ಲದ ಬೆರಳೇ ಇಷ್ಟೆಲ್ಲ ಮಾಡಿತು ಎಂದು ಈಗ ಹೇಳಿದರೆ ಯಾರು ನಂಬುತ್ತಾರೆ. ಇವತ್ತು ಹನ್ನೊಂದು ಗಂಟೆಗೆ ಮಂಗಳೂರಿನಿಂದ ಫೆಲೋಶಿಪ್ಪಿನ ಕೆಲಸ ಪರೀಕ್ಷೆ ಮಾಡಲಿಕ್ಕೆ ವಸುಮತಿ ಮೇಡಂ ಬರುತ್ತಾರೆ. ಏಳನೇ ಬ್ಯಾಚಿನಲ್ಲಿ ತಯಾರಾದಂಥ ಕಾಗದ ಮತ್ತೆ ಯಾಕೆ ಬರುತ್ತಿಲ್ಲ ಎಂದು ಲ್ಯಾಬಿನಲ್ಲಿ ಸಂಶೋಧನೆ ಮಾಡುವ ಹುಡುಗಿ ಶ್ರೀರಂಜಿನಿ ಮೇಡಂ ಎದುರು ನಿಂತು ಹೇಳಬೇಕು. ಹೇಳಲಿಕ್ಕಾಗದಿದ್ದರೆ ಅವಳು ಬರೆದು ಕಳಿಸಿದ ಲೇಖನ ವಾಪಸು ತೆಗೆದುಕೊಳ್ಳಬೇಕು, ಫೆಲೋಶಿಪ್ ನಿಲ್ಲುತ್ತದೆ. ಅದೆಲ್ಲ ಹೋಗಲಿ, ಹುಡುಗಿ ಲೆಕ್ಕ ಸುಳ್ಳು ಬರೆದವಳು ಎಂದಾಗುತ್ತದೆ. ಅದು ಯಾಕೆ ಬರುತ್ತಿಲ್ಲ ಎಂದು ಗೊತ್ತಿರುವವಳು ಈ ಭೂಮಿಯ ಮೇಲೆ ಒಬ್ಬಳೇ. ಅವಳು ಲ್ಯಾಬಿನಲ್ಲಿ ಬೀಕರ್ ತೊಳೆಯುವವಳು, ಡೈಲಿ ವೇಜಸ್ಸಿನವಳು, ಈಗ ಈ ಬಸ್ಸಿನಲ್ಲಿ ಬೆರಳು ನೋಡುತ್ತ ಕೂತವಳು. ಗೊತ್ತು ಎಂದರೂ ಪೂರ್ತಿ ಗೊತ್ತಿಲ್ಲ. ಅರ್ಧ ಗೊತ್ತಿರುವುದು ಗೊತ್ತಿಲ್ಲದ್ದಕ್ಕಿಂತ ಹೆಚ್ಚು ತಿನ್ನುತ್ತದೆ.

ವಿದ್ಯಾನಗರದಲ್ಲಿ ಇಳಿದು ಗುಡ್ಡದ ದಾರಿ ಹತ್ತುವಾಗ ಕೈ ತಾನಾಗಿಯೇ ಸೊಂಟದ ಸಂಚಿಗೆ ಹೋಯಿತು. ಎಲೆ ಉಂಟು, ಅಡಿಕೆ ಉಂಟು, ಅಲ್ಯುಮಿನಿಯಂನ ಸುಣ್ಣದ ಡಬ್ಬಿ ಉಂಟು. ಇವತ್ತು ತಿನ್ನುವುದಿಲ್ಲ ಎಂದು ಬೆಳಿಗ್ಗೆಯೇ ನಿರ್ಧಾರ ಮಾಡಿದ್ದಳು. ತಿನ್ನದೆ ನಾಲಿಗೆ ಒಣಗಿ ಹಲಗೆಯ ಹಾಗಾಗಿತ್ತು. ಮೆಟ್ಟಿಲ ಬಳಿ ಗುಣಪಾಲ ನಿಂತಿದ್ದ. ಕಾಲೇಜಿನ ಪ್ಯೂನ್, ಅವಳಿಗಿಂತ ಹತ್ತು ವರ್ಷ ಸಣ್ಣವ, ಯಾರ ವಿಷಯವೂ ಅವನಿಗೆ ಮೊದಲೇ ಗೊತ್ತಾಗುತ್ತದೆ.

"ಎಂತ ದಮಯಂತಕ್ಕ, ಇವತ್ತು ಬಾಯಿ ಬೆಳ್ಳಗೆ ಉಂಟಲ್ಲ. ಮಂಗಳೂರಿನ ಮೇಡಂ ಬರುತ್ತಾರೆ ಅಂತಲಾ?"

"ಹಲ್ಲು ನೋವು ಮಾರಾಯ."

"ನಿಮಗೆ ಹಲ್ಲು ಉಂಟಾ ನೋಯಲಿಕ್ಕೆ?" ಅವನು ನಕ್ಕು ಧ್ವನಿ ತಗ್ಗಿಸಿದ. "ಆ ಹುಡುಗಿ ಏಳು ಗಂಟೆಗೇ ಬಂದು ಕೂತಿದೆ. ಕಣ್ಣು ನೋಡಬೇಕು. ನಿನ್ನೆ ಅದರ ಗೈಡ್ ಗಣೇಶಪ್ರಸಾದ ಸಾರ್ ಫೋನಿನಲ್ಲಿ ಹೇಳುವುದು ಕೇಳಿದೆ, ಒಂದು ಸಲ ಬಂದದ್ದು ಮತ್ತೆ ಬಾರದಿದ್ದರೆ ಅದು ಬಂದದ್ದೇ ಹೌದಾ ಅಂತ ಕೇಳಬೇಕಾಗುತ್ತದೆ ಅಂತ. ಅಷ್ಟು ಒಳ್ಳೆ ಮನೆಯ ಹುಡುಗಿ. ಆದರೂ ಯಾರು ಎಂತ ಮಾಡುತ್ತಾರೆ ಅಂತ ಹೇಳಲಿಕ್ಕೆ ಬರುವುದಿಲ್ಲ, ಅಲ್ಲವಾ?"

ಅಲ್ಲ ಎನ್ನಬೇಕಿತ್ತು. ಅವಳು ಹೌದು ಎಂಬಂತೆ ತಲೆಯಾಡಿಸಿಬಿಟ್ಟಳು. ಆಡಿಸಿದ ತಲೆಯನ್ನು ಹೊತ್ತುಕೊಂಡೇ ಮೆಟ್ಟಿಲು ಹತ್ತಿದಳು.

ಲ್ಯಾಬಿನಲ್ಲಿ ಯಾವಾಗಿನದೇ ವಾಸನೆ, ಬೇಯಿಸಿದ ಅಡಿಕೆಸಿಪ್ಪೆಯದ್ದು. ಅಡಿಕೆ ಸುಲಿದು ಬಿಸಾಡುವ ಸಿಪ್ಪೆಯ ನಾರನ್ನು ಕ್ಷಾರದಲ್ಲಿ ಬೇಯಿಸಿ, ತೊಳೆದು, ಬಿಳಿ ಮಾಡಿ, ಅರೆದು, ಜರಡಿಯಲ್ಲಿ ಹಪ್ಪಳದ ಹಾಗೆ ಹರಡಿ ಕಾಗದ ಮಾಡುವುದು ಒಂದು ಕೆಲಸ. ಗೇರುಬೀಜದ ಮೇಲಿನ ಕೆಂಪು ಪೊರೆಯನ್ನು ಬಿಸಿನೀರಿನಲ್ಲಿ ಹಾಕಿ ಅದರ ಚೊಗರು ಇಳಿಸಿ, ಅದರಲ್ಲಿ ಆ ಕಾಗದವನ್ನು ಅದ್ದುವುದು ಇನ್ನೊಂದು. ಆ ಚೊಗರು ಕಾಗದದ ನಾರಿಗೆ ಕಚ್ಚಿ ಕೂತರೆ, ಅದರಲ್ಲಿ ಕಟ್ಟಿದ ಎಣ್ಣೆತಿಂಡಿ ತಿಂಗಳುಗಟ್ಟಲೆ ಕಮಟು ಹಿಡಿಯುವುದಿಲ್ಲವಂತೆ. ಪ್ಲಾಸ್ಟಿಕ್ ಬೇಡ, ಮದ್ದು ಬೇಡ. ಶ್ರೀರಂಜಿನಿ ಇದನ್ನು ಮೊದಲ ದಿನ ಹೇಳಿದಾಗ ದಮಯಂತಿಗೆ ನಗು ಬಂದಿತ್ತು. ಇಪ್ಪತ್ತೆರಡು ವರ್ಷ ಆ ಪೊರೆಯನ್ನು ಉಗುರಿನಿಂದ ಕೆರೆದು ಕೆರೆದು ನೆಲಕ್ಕೆ ಬಿಸಾಡಿದವಳು ಅವಳು. ಅದೇ ಪೊರೆಯನ್ನು ಈಗ ಗಾಜಿನ ಪಾತ್ರೆಯಲ್ಲಿ, ನಾಲ್ಕು ಸೊನ್ನೆ ತೋರಿಸುವ ತಕ್ಕಡಿಯಲ್ಲಿ, ಕೈಗೆ ಗ್ಲೌಸ್ ಹಾಕಿ ತೂಗುತ್ತಾರೆ. ಕೆರೆದವರನ್ನು ಯಾರೂ ತೂಗಲಿಲ್ಲ ಎಂದು ಹೇಳಬೇಕೆನಿಸಿತ್ತು, ಹೇಳಲಿಲ್ಲ. ಕಷ್ಟ ಎಂತದೆಂದರೆ ಚೊಗರು ಕಚ್ಚುತ್ತಿರಲಿಲ್ಲ. ನೀರಿಗೆ ಹಾಕಿದರೆ ಬಣ್ಣ ಬಿಟ್ಟು ಕಾಗದ ಮತ್ತೆ ಬೋಳು. ಒಂದು ನೇರಳೆ ಬಣ್ಣದ ದ್ರಾವಣ ಉಂಟು, ತೊಳೆದ ಕಾಗದದ ತುಂಡನ್ನು ಅದಕ್ಕೆ ಹಾಕಬೇಕು. ಸತ್ವ ಉಳಿದಿದ್ದರೆ ನೇರಳೆ ಹಳದಿಯಾಗುತ್ತದೆ. ಆರು ಬ್ಯಾಚಿನಲ್ಲೂ ನೇರಳೆ ನೇರಳೆಯಾಗಿಯೇ ಉಳಿದಿತ್ತು.

"ದಮಯಂತಕ್ಕ, ಚಾ ಕಪ್ಪು ತೊಳೆದಿಡಿ. ಮೇಡಂ ಅರ್ಧ ದಾರಿ ದಾಟಿದರಂತೆ," ಎಂದಳು ಶ್ರೀರಂಜಿನಿ, ತಲೆ ಎತ್ತದೆ. ಎದುರಿಗೆ ರೆಕಾರ್ಡ್ ಪುಸ್ತಕ ತೆರೆದಿತ್ತು. ೨೦೧೩ ನವೆಂಬರ್ ೧೯, ಬ್ಯಾಚ್ ಏಳು. ಆ ಪುಟದ ಅಂಚು ಬೆರಳು ತಾಗಿ ತಾಗಿ ಎಣ್ಣೆಗಾಗಿತ್ತು. "ಎಲ್ಲ ಬರೆದಿದ್ದೇನೆ. ನೀರು ಎಷ್ಟು, ಬಿಸಿ ಎಷ್ಟು, ಎಷ್ಟು ನಿಮಿಷ. ಇದರಲ್ಲಿ ಇಲ್ಲದ್ದು ಎಂತ ಅಂತ ಗೊತ್ತಾಗುವುದಿಲ್ಲ. ಇಲ್ಲದ್ದನ್ನು ಹುಡುಕುವುದು ಹೇಗೆ ಹೇಳಿ?"

ಹೇಳಿ ಎಂದದ್ದು ಮಾತಿನ ರೂಢಿಗೆ. ಆದರೂ ದಮಯಂತಿ ಸಂಚಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಇಲ್ಲದ್ದು ಇಲ್ಲೇ ಉಂಟು, ಸೊಂಟದಲ್ಲಿ. ಆ ದಿನ ಮಧ್ಯಾಹ್ನ ಹುಡುಗಿ ಊಟಕ್ಕೆ ಹೋಗಿದ್ದಳು. ಲ್ಯಾಬಿನಲ್ಲಿ ಎಲೆ ತಿನ್ನಬಾರದು. ಹಿಂದಿನ ವಾರವಷ್ಟೇ ಗಣೇಶಪ್ರಸಾದ ಸಾರ್ ಹೊಸ ಬಿಳಿ ಪೈಂಟಿನ ಗೋಡೆಯ ಮುಂದೆ ಅವಳನ್ನು ನಿಲ್ಲಿಸಿ, ಮೂರು ಕಡೆ ಉಜ್ಜಿದ ಸುಣ್ಣದ ಗುರುತನ್ನು ಪೆನ್ನಿನಿಂದ ತೋರಿಸಿ, "ಇದು ಮನೆಯ ಕಂಬ ಅಲ್ಲ ದಮಯಂತಿ" ಎಂದಿದ್ದರು. ಅವರು ಗಟ್ಟಿಯಾಗಿ ಹೇಳಲಿಲ್ಲ. ಮೆಲ್ಲಗೆ ಹೇಳಿದ್ದರಿಂದಲೇ ಅದು ಕಿವಿಯಲ್ಲಿ ಉಳಿಯಿತು. ಎಲೆಗೆ ಸುಣ್ಣ ಸವರಿದ ಮೇಲೆ ಬೆರಳಲ್ಲಿ ಸ್ವಲ್ಪ ಉಳಿದೇ ಉಳಿಯುತ್ತದೆ, ಅದನ್ನು ಕಂಬಕ್ಕೋ ಗೋಡೆಗೋ ಉಜ್ಜುವುದು ಅವಳ ಅಜ್ಜಿ ಮಾಡುತ್ತಿದ್ದದ್ದು, ಅಮ್ಮ ಮಾಡುತ್ತಿದ್ದದ್ದು. ಆ ದಿನ ಬೀಡ ಕಟ್ಟಿ ಬಾಯಿಗೆ ಹಾಕಿ ಆಯಿತು, ಬೆರಳಲ್ಲಿ ಸುಣ್ಣ ಉಳಿಯಿತು, ಉಜ್ಜಲಿಕ್ಕೆ ಜಾಗ ಇಲ್ಲ. ಗೋಡೆ ಸಾರ್‌ನದ್ದು, ಮೇಜು ಸರಕಾರದ್ದು, ಸೀರೆ ತನ್ನದೇ ಆದರೂ ಒಗೆದದ್ದು. ಎದುರಿಗೆ ಬೀಕರಿನಲ್ಲಿ ಚೊಗರು, ಮೂರು ದಿನದ ಜ್ವರದವರ ಮುಖದ ಹಾಗೆ ಬಿಳಿಚಿಕೊಂಡು ಕೂತಿತ್ತು. ಅದನ್ನು ನೋಡಿ ಅವಳಿಗೆ ಪಾಪ ಅನಿಸಿತು. ಅರಶಿನದ ನೀರಿಗೆ ಸುಣ್ಣ ಬಿದ್ದರೆ ಕೆಂಪಾಗುವುದು, ಅಡಿಕೆಯ ರಸಕ್ಕೆ ಸುಣ್ಣ ಬಿದ್ದರೆ ಕೆಂಪಾಗುವುದು, ಇದಕ್ಕೂ ಆಗಲಿ ಎಂದೋ, ಬೆರಳು ಒಮ್ಮೆ ಚೊಕ್ಕ ಆಗಲಿ ಎಂದೋ, ಅವಳು ಬೀಕರಿನ ಬಾಯಿಗೆ ಬೆರಳು ಒರಸಿ ಗಾಜಿನ ಕೋಲಿನಲ್ಲಿ ಎರಡು ಸುತ್ತು ತಿರುಗಿಸಿದಳು. ಚೊಗರು ನಿಧಾನಕ್ಕೆ ಕೆಂಪಾಯಿತು. ಇಷ್ಟು ನೆನಪಾಗುತ್ತದೆ. ಅದಕ್ಕೆ ಮೊದಲಿನದು ಮಾತ್ರ ನೆನಪಾಗುವುದಿಲ್ಲ. ಬೀಡವನ್ನು ದವಡೆಗೆ ತಳ್ಳಲಿಕ್ಕೆ ಅವಳು ಅದೇ ಬೆರಳು ಬಾಯಿಗೆ ಹಾಕುವುದು ರೂಢಿ. ಹಾಕಿದ್ದಳೋ, ಆಮೇಲೆ ಹಾಕಿದಳೋ.

ಏಳನೇ ಬ್ಯಾಚಿನ ಕಾಗದ ತೊಳೆದರೂ ಬಣ್ಣ ಬಿಡಲಿಲ್ಲ. ನೇರಳೆ ನೋಡನೋಡುತ್ತ ಹಳದಿಯಾಯಿತು. ಅದರಲ್ಲಿ ಕಟ್ಟಿ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟ ಬಾಳೆಕಾಯಿ ಚಿಪ್ಸ್ ಮೂರು ತಿಂಗಳಾದರೂ ನಿನ್ನೆ ಕರಿದ ಹಾಗೆ ಇತ್ತು. ಶ್ರೀರಂಜಿನಿ ಅವಳನ್ನು ಅಪ್ಪಿಕೊಂಡಿದ್ದಳು. ಅಪ್ಪಿಕೊಂಡ ಮೇಲೆ ಒಂದು ಕ್ಷಣ ತಾನೇ ಬೆಚ್ಚಿದ ಹಾಗೆ ಕಂಡಿತು, ಅಥವಾ ಹಾಗೆ ಕಂಡದ್ದು ದಮಯಂತಿಗೇ. ಆಗ ಹೇಳಬಹುದಿತ್ತು. ಹುಡುಗಿಯ ಸಂತೋಷಕ್ಕೆ ನನ್ನ ಬೆರಳು ಯಾಕೆ ಅಡ್ಡ ಎಂದು ಹೇಳಲಿಲ್ಲ. ಹೇಳಿದರೆ ಕೆಲಸ ಹೋದೀತು ಎಂಬುದನ್ನು ಆಗ ಯೋಚನೆ ಮಾಡಲಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಾಳೆ, ಮಾಡಿದ್ದಳು. ಮರುವಾರ ಹುಡುಗಿ ಬಂದು, "ಅಮ್ಮ ಎಂತ ಮಾಡಿದ್ದಾರೆ ಗೊತ್ತಾ? ಆ ಕಾಗದದ ಒಂದು ಹಾಳೆ ಕೊಟ್ಟಿದ್ದೆ. ಮೊದಲ ಫಲ ಅಂತ ಅದರಲ್ಲಿ ಪ್ರಸಾದ ಕಟ್ಟಿ ದೇವರಕೋಣೆಯಲ್ಲಿ ಇಟ್ಟಿದ್ದಾರೆ" ಎಂದಳು. ಅಲ್ಲಿಗೆ ದಮಯಂತಿಯ ಬಾಯಿ ಮುಚ್ಚಿತು. ಆ ಮನೆಗೆ ಅವಳು ಒಮ್ಮೆ ಹೋದದ್ದುಂಟು, ನಾರು ತರಲಿಕ್ಕೆ. ಜಗಲಿಯ ಹೊರಗೆ ನಿಂತು ನೀರು ಕುಡಿದಿದ್ದಳು, ಲೋಟ ಎತ್ತಿ, ತುಟಿ ತಾಗಿಸದೆ. ಯಾರೂ ಹಾಗೆ ಕುಡಿ ಎಂದು ಹೇಳಿರಲಿಲ್ಲ. ಶ್ರೀರಂಜಿನಿಯ ಅಮ್ಮ ಒಳ್ಳೆಯವರು, ಉಪ್ಪಿನಕಾಯಿ ಕಟ್ಟಿಕೊಟ್ಟರು. ಆ ಅಮ್ಮ ಈಗ ದಿನಾ ಕೈಮುಗಿಯುವ ಕಡೆ ತನ್ನ ಎಂಜಲು ಕೂತಿದೆ. ಕೂತಿಲ್ಲದಿರಬಹುದು. ಕೂತಿರಬಹುದು.

ಎಂಟನೆಯದು ಬರಲಿಲ್ಲ, ಒಂಬತ್ತು ಬರಲಿಲ್ಲ. ಹದಿನಾರು ಆಗುವಾಗ ಸಾರ್ ಹುಡುಗಿಯೊಡನೆ ಮಾತಾಡುವ ದನಿ ಬೇರೆಯಾಗಿತ್ತು. ಹತ್ತೊಂಬತ್ತನೆಯದಕ್ಕೆ ದಮಯಂತಿ ಕದ್ದು ಸುಣ್ಣ ಹಾಕಿದಳು. ಕೈತೊಳೆದು, ಸೋಪು ಹಾಕಿ ಮತ್ತೆ ತೊಳೆದು, ಡಬ್ಬಿಯಿಂದ ಹೊಸತಾಗಿ ಉಗುರಿನ ತುಂಬ ತೆಗೆದು. ಚೊಗರು ಕಪ್ಪಾಗಿ, ಒಡೆದ ಹಾಲಿನ ಹಾಗೆ ಗಟ್ಟಿಯಾಗಿ ತಳಕ್ಕೆ ಕೂತಿತು. ಶ್ರೀರಂಜಿನಿ ಸಿಂಕಿನ ಹತ್ತಿರ ನೀರು ಬಿಟ್ಟು ಅತ್ತಳು, ನೀರಿನ ಶಬ್ದದಲ್ಲಿ ಅಳುವುದು ಕೇಳುವುದಿಲ್ಲ ಎಂದುಕೊಂಡು. ದಮಯಂತಿ ಆ ರಾಡಿ ಕೆರೆದು ಬೀಕರ್ ತೊಳೆದಳು. ತೊಳೆಯುವಾಗ ತಲೆಗೆ ಒಂದು ಯೋಚನೆ ಹೊಕ್ಕಿತು, ಹೊಕ್ಕದ್ದು ಹೊರಡಲಿಲ್ಲ. ಚೊಕ್ಕ ಕೈಯಿಂದ ಹಾಕಿದ ಸುಣ್ಣ ಹೀಗಾಯಿತು. ಹಾಗಾದರೆ ಏಳನೆಯದನ್ನು ಹಿಡಿಸಿದ್ದು ಸುಣ್ಣ ಅಲ್ಲ. ಸುಣ್ಣದ ಜೊತೆಗೆ ಹೋದದ್ದು. ಸುಣ್ಣದ್ದಾದರೆ ಒಂದು ದಿನ ಹೇಳಿಬಿಡಬಹುದಿತ್ತು, ಬೈಸಿಕೊಳ್ಳಬಹುದಿತ್ತು. ಇದನ್ನು ಯಾವ ಬಾಯಿಂದ ಹೇಳುವುದು.

ಹನ್ನೊಂದೂ ಕಾಲಿಗೆ ಅವಳು ಚಾದ ಟ್ರೇ ಹಿಡಿದು ಸಾರ್‌ನ ಕೋಣೆಯ ಬಾಗಿಲಲ್ಲಿ ನಿಂತಳು. ವಸುಮತಿ ಮೇಡಂ ಬಿಳಿ ಕೂದಲಿನವರು, ಕನ್ನಡಕ ಹಣೆಯ ಮೇಲಿಟ್ಟುಕೊಂಡು ರೆಕಾರ್ಡಿನ ಪುಟ ತಿರುಗಿಸುತ್ತಿದ್ದರು. ಇಂಗ್ಲಿಷಿನಲ್ಲಿ ಮಾತು ನಡೆಯುತ್ತಿತ್ತು. ಅದರ ನಡುವೆ ಸೆವೆನ್ ಎಂಬ ಮಾತು ಬಂದಾಗಲೆಲ್ಲ ದಮಯಂತಿ ಹುಡುಗಿಯ ಕಡೆ ನೋಡುತ್ತಿದ್ದಳು. ಶ್ರೀರಂಜಿನಿ ನಿಂತಿದ್ದಳು. ಯಾರೂ ಕೂರು ಎಂದಂತಿರಲಿಲ್ಲ.

"ನೋಡು ರಂಜಿನಿ," ಸಾರ್ ಕನ್ನಡಕ್ಕೆ ಬಂದರು, "ನೀನು ಬೇಕೆಂದು ಮಾಡಿದ್ದು ಅಂತ ನಾವು ಹೇಳುವುದಿಲ್ಲ. ಆಸೆಗೆ ಕಣ್ಣು ತಪ್ಪುತ್ತದೆ. ಎಲ್ಲರಿಗೂ ಆಗುವುದೇ. ಲೇಖನ ವಾಪಸು ಅಂತ ಬರೆದುಕೊಟ್ಟರೆ ಮುಗಿಯಿತು."

"ನಾನು ಕಂಡದ್ದನ್ನೇ ಬರೆದದ್ದು ಸಾರ್."

"ಕಂಡದ್ದು ಒಂದೇ ಸಲ."

ಟ್ರೇ ಮೇಜಿನ ಮೇಲಿಟ್ಟು ಹೊರಗೆ ಬರುವುದು ಅವಳ ಕೆಲಸ. ಇಟ್ಟಳು. ಹೊರಗೆ ಬರಲಿಲ್ಲ. "ಆ ದಿನ ನಾನು ಅದಕ್ಕೆ ಸುಣ್ಣ ಹಾಕಿದ್ದೇನೆ," ಎಂದಳು. ಮಾತು ಅವಳಿಗೇ ಬೇರೆಯವರದ್ದೆಂಬಂತೆ ಕೇಳಿಸಿತು. "ಏಳನೆಯದಕ್ಕೆ. ಎಲೆಗೆ ಸವರಿದ್ದು ಬೆರಳಲ್ಲಿ ಉಳಿದಿತ್ತು. ಬೀಕರಿಗೆ ಒರಸಿದೆ."

ಸಾರ್ ಮೊದಲು ನಕ್ಕರು, ಆಮೇಲೆ ಮೇಡಂ ನಗಲಿಲ್ಲವೆಂದು ನಿಲ್ಲಿಸಿದರು. "ಲ್ಯಾಬಿನ ಒಳಗೆ ಎಲೆ ತಿಂದದ್ದಾ?" ಎಂದು ಕೇಳಿದರು. ಅಷ್ಟೆಲ್ಲದರಲ್ಲಿ ಅವರಿಗೆ ಸಿಕ್ಕಿದ್ದು ಅದು. ದಮಯಂತಿ ಹೌದೆಂದಳು. ಶ್ರೀರಂಜಿನಿ ಅವಳನ್ನು ನೋಡುತ್ತಿದ್ದಳು. ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ ಹಿಡಿದುಕೊಳ್ಳಬಹುದಿತ್ತು. ಗೊತ್ತಿಲ್ಲದ ಬಸ್‌ಸ್ಟಾಪಿನಲ್ಲಿ ಇಳಿದವರು ಊರಿನ ಹೆಸರು ಓದುವ ಹಾಗೆ ನೋಡುತ್ತಿದ್ದಳು. "ಹನ್ನೊಂದು ತಿಂಗಳು," ಎಂದಳು. "ದಿನಾ ನನ್ನ ಎದುರೇ ಇದ್ದಿರಿ." ಅಕ್ಕ ಎನ್ನಲಿಲ್ಲ.

"ಎಷ್ಟು ಸುಣ್ಣ?" ಎಂದರು ವಸುಮತಿ ಮೇಡಂ.

"ಉಳಿದಷ್ಟು."

"ಅದೇ ಎಷ್ಟು?"

ಅದಕ್ಕೆ ಉತ್ತರ ಗೊತ್ತಿದ್ದದ್ದು ಬೆರಳಿಗೆ ಮಾತ್ರ. ಮೇಡಂ ಎದ್ದರು. ಚಾ ಮುಟ್ಟದೆ ಎಲ್ಲರೂ ಲ್ಯಾಬಿಗೆ ಹೋದರು. ಹುಡುಗಿ ಹೊಸ ಚೊಗರನ್ನು ಅಳೆದು ಬೀಕರಿಗೆ ಹೊಯ್ದಳು, ಬಿಸಿ ನೋಡಿದಳು. ಆಮೇಲೆ ದಮಯಂತಿಯ ಕಡೆ ತಿರುಗಿ, "ಆ ದಿನ ಮಾಡಿದ ಹಾಗೆಯೇ ಮಾಡಿ. ಮೊದಲಿನಿಂದ. ಎಲೆ ತಿನ್ನಿ" ಎಂದಳು.

ಬಾಗಿಲಲ್ಲಿ ಗುಣಪಾಲ ಬಂದು ನಿಂತಿದ್ದ. ನಾಲ್ಕು ಜೊತೆ ಕಣ್ಣುಗಳ ಮುಂದೆ ಅವಳು ಸಂಚಿ ಬಿಚ್ಚಿದಳು. ಗಂಡ ತೀರಿದ ದಿನ ಜನ ನೋಡುತ್ತಿದ್ದಾರೆಂದು ಮರೆಯಲ್ಲಿ ತಿಂದವಳು. ಎಲೆಯ ನಾರು ತೆಗೆದಳು, ತೊಟ್ಟು ಮುರಿದಳು, ತೊಡೆಯ ಮೇಲೆ ಒಮ್ಮೆ ಉಜ್ಜಿದಳು, ಉಜ್ಜಿದ ಮೇಲೆ ಇದೂ ಬರೆಯುತ್ತಾಳೋ ಎಂದು ಹುಡುಗಿಯ ಪೆನ್ನು ನೋಡಿದಳು. ಬರೆಯುತ್ತಿದ್ದಳು. ಡಬ್ಬಿ ತೆರೆದು ಬೆರಳು ಅದ್ದಿ ಸವರಿದಳು, ಅಡಿಕೆ ಇಟ್ಟು ಮಡಚಿ ಬಾಯಿಗೆ ಹಾಕಿದಳು. ಒಣಗಿದ ಬಾಯಿಗೆ ಎಲೆ ಕಾಗದದ ಹಾಗೆ ಹತ್ತಿತು. ಬೀಡ ನಾಲಿಗೆಯ ಮೇಲೆ ಕೂತೇ ಇತ್ತು, ದವಡೆಗೆ ಹೋಗಲಿಲ್ಲ, ಉಸಿರಿಗೆ ಅಡ್ಡ ಬಂತು. ಆಗ ಬೆರಳು ಹೋಯಿತು. ಅವಳು ಕಳಿಸಲಿಲ್ಲ. ತಾನಾಗಿಯೇ ತುಟಿ ದಾಟಿ ಬೀಡವನ್ನು ಎಡದವಡೆಗೆ ತಳ್ಳಿ, ತುದಿಯ ಒಂದು ಬದಿಯಲ್ಲಿ ಸುಣ್ಣ ಹಾಗೆಯೇ ಇಟ್ಟುಕೊಂಡು, ಹೊರಗೆ ಬಂತು. ಬಂದು ಬೀಕರಿನ ಮೇಲೆ ನಿಂತಿತು. ಹನ್ನೊಂದು ತಿಂಗಳು ಕೇಳಿದ್ದಕ್ಕೆ ಉತ್ತರ ಇದು. ಎಲ್ಲರೂ ಕಂಡರು. ಸಾರ್ ಕಿಟಕಿಯ ಕಡೆ ನೋಡಿದರು.

"ಆ ದಿನವೂ ಹೀಗೆಯೇ ಇರಬೇಕು," ಎಂದಳು ದಮಯಂತಿ, ತುಂಬಿದ ಬಾಯಿಂದ. "ಅದಕ್ಕೇ ಹೇಳಲಿಲ್ಲ. ನಿಮ್ಮ ಅಮ್ಮ ಅದನ್ನು..." ಮುಂದಿನದು ಎಲೆಯ ಜೊತೆ ಅಲ್ಲೇ ಉಳಿಯಿತು.

ಶ್ರೀರಂಜಿನಿಯ ಪೆನ್ನು ನಿಂತಿತು. ಅವಳ ಮುಖದಲ್ಲಿ ಏನೋ ಒಂದು ಬಂದು ದಾಟಿಹೋದದ್ದನ್ನು ದಮಯಂತಿ ಕಂಡಳು. ಅಪ್ಪಿಕೊಂಡ ದಿನ ಕಂಡದ್ದೂ ಅದೇ ಇರಬೇಕು, ಅಂದು ತನ್ನ ಭ್ರಮೆಯಾಗಿರಲಿಲ್ಲ. ಆಮೇಲೆ ಹುಡುಗಿ ಬಗ್ಗಿ ಇನ್ನೊಂದು ಬೀಕರ್ ತೆಗೆದಳು. ಅದಕ್ಕೂ ಅಷ್ಟೇ ಚೊಗರು ಹೊಯ್ದಳು. "ಎರಡು ಮಾಡುವಾ," ಎಂದಳು. ದನಿ ಚಪ್ಪಟೆಯಾಗಿತ್ತು. "ಒಂದಕ್ಕೆ ಬಾಯಿಗೆ ಹೋದ ಬೆರಳು. ಇನ್ನೊಂದಕ್ಕೆ ಹೋಗದ್ದು. ಇಲ್ಲದಿದ್ದರೆ ಯಾವುದರಿಂದ ಅಂತ ಗೊತ್ತಾಗುವುದು ಹೇಗೆ?" ಸಣ್ಣ ಬಿಳಿ ಚೀಟಿಯಲ್ಲಿ ಒಂದು, ಎರಡು ಎಂದು ಬರೆದು ಅಂಟಿಸಿದಳು. ಗಾಜಿನ ಚೂರನ್ನು ತಕ್ಕಡಿಯಲ್ಲಿಟ್ಟು ತೂಕ ನೋಡಿ, ಅವಳ ಮಣಿಕಟ್ಟು ಹಿಡಿದು, ಬೆರಳಿನ ಸುಣ್ಣವನ್ನು ಅದಕ್ಕೆ ಒರಸಿಸಿಕೊಂಡು, ಮತ್ತೆ ತೂಗಿದಳು. ಗ್ಲೌಸ್ ಇಲ್ಲದ ಕೈ, ಬೆಚ್ಚಗಿತ್ತು. ತಕ್ಕಡಿಯ ಅಂಕೆ ಬಹಳ ಹೊತ್ತು ಓಡಾಡಿ ನಿಂತಿತು. ದಮಯಂತಿಗೆ ಓದಲಿಕ್ಕಾಗಲಿಲ್ಲ, ಸೊನ್ನೆಗಳು ಹೆಚ್ಚಿದ್ದವು. ಹತ್ತೊಂಬತ್ತನೆಯದಕ್ಕೆ ತಾನು ಇದರ ಎಷ್ಟೋ ಪಟ್ಟು ಹಾಕಿ ಕೆಡಿಸಿದ್ದೆ ಎಂದು ಮಾತ್ರ ಕಣ್ಣಿಗೇ ತಿಳಿಯಿತು. ಆ ಚೂರನ್ನು ಒಂದನೇ ಬೀಕರಿಗೆ ಇಳಿಸಿದಳು ಹುಡುಗಿ. ಅಷ್ಟೇ ತೂಕದ ಸುಣ್ಣವನ್ನು ಡಬ್ಬಿಯಿಂದ ಚಮಚದಲ್ಲಿ ತೆಗೆದು, ದಮಯಂತಿಯ ಕೈ ಸೋಪಿನಲ್ಲಿ ತೊಳೆಸಿ, ಒರಸಿ ಒಣಗಿಸಿ, ಅದೇ ಬೆರಳಿಗೆ ಹಚ್ಚಿ, ಇನ್ನೊಂದು ಗಾಜಿನ ಚೂರಿಗೆ ಒರಸಿಸಿಕೊಂಡು, ಎರಡನೆಯದಕ್ಕೆ ಇಳಿಸಿದಳು. ಎರಡನ್ನೂ ತಿರುಗಿಸಿದಳು, ಎರಡು ಎರಡು ಸುತ್ತು.

ಮೊದಲು ಏನೂ ಆಗಲಿಲ್ಲ. ಆಮೇಲೆ ತಳದಿಂದ ಕೆಂಪು ಏಳತೊಡಗಿತು, ಒಂದರಲ್ಲಿ, ಅದರ ಹಿಂದೆಯೇ ಇನ್ನೊಂದರಲ್ಲಿ. ಒಡೆಯಲಿಲ್ಲ, ಕಪ್ಪಾಗಲಿಲ್ಲ. ಆ ದಿನದ್ದೇ ಕೆಂಪು. ವಸುಮತಿ ಮೇಡಂ ಕನ್ನಡಕವನ್ನು ಹಣೆಯಿಂದ ಇಳಿಸಿ ಬಗ್ಗಿ ನೋಡಿದರು. ಚೀಟಿಗೆ ಕೈ ಅಡ್ಡ ಇಟ್ಟು, "ಈಗ ಯಾವುದು ಯಾವುದು ಅಂತ ನಿಮಗೆ ಹೇಳಲಿಕ್ಕಾಗುತ್ತದಾ?" ಎಂದು ದಮಯಂತಿಯನ್ನೇ ಕೇಳಿದರು. ಅವಳು ನೋಡಿದಳು. ಒಂದೇ ಕೆಂಪು. ಕಾಗದ ಅದ್ದಬೇಕು, ಒಣಗಿಸಬೇಕು, ತೊಳೆಯಬೇಕು, ನೇರಳೆಗೆ ಹಾಕಬೇಕು. ನಾಡಿದ್ದಿನವರೆಗೆ ಖಂಡಿತ ಏನೂ ಹೇಳಲಿಕ್ಕಿಲ್ಲ ಎಂದು ಸಾರ್ ಹೇಳುತ್ತಿದ್ದರು. ಆದರೆ ಅವರೂ ಬಗ್ಗಿದ್ದರು, ಅವರ ದನಿ ಹುಡುಗಿಯ ಕಡೆಗೆ ಮತ್ತೆ ಮೊದಲಿನ ಹಾಗಾಗಿತ್ತು. ದಮಯಂತಿಗೆ ಹಗುರ ಆಗಬೇಕಿತ್ತು. ಆಯಿತು ಕೂಡ. ಆ ಹಗುರದ ಒಳಗೆ ಸಣ್ಣದೊಂದು ಕಲ್ಲು ಉಳಿದಿತ್ತು. ಎರಡೂ ಒಂದೇ ಆದರೆ ಅದು ಬರೀ ಸುಣ್ಣ. ಅಂಗಡಿಯ ಸುಣ್ಣ. ಇಷ್ಟು ದಿನ ದೇವರಕೋಣೆಯಲ್ಲಿ ತಾನು ಕೂತಿದ್ದೇನೆಂದು ಹೆದರಿದ್ದು ಹೌದು. ಈಗ ಅಲ್ಲಿಂದ ಎಬ್ಬಿಸಿದ ಹಾಗೂ ಆಯಿತು.

ಸಾರ್ ಮತ್ತು ಮೇಡಂ ಕೋಣೆಗೆ ಹೋದರು, ಚಾ ಬಿಸಿ ಮಾಡಿಸಲಿಕ್ಕೆ ಗುಣಪಾಲ ಓಡಿದ. ಶ್ರೀರಂಜಿನಿ ರೆಕಾರ್ಡಿನಲ್ಲಿ ಬರೆದು ಮುಗಿಸಿದಳು. "ನಿಮ್ಮ ಹೆಸರು ಹಾಕಿದ್ದೇನೆ. ಬೆರಳು, ಎಲೆ, ಎಲ್ಲ ಇದೆ," ಎಂದಳು. ಆಮೇಲೆ ಪುಸ್ತಕ ಮುಚ್ಚುತ್ತ, ಅವಳ ಮುಖ ನೋಡದೆ, "ಮನೆಯಲ್ಲಿ ಹೇಳುವುದಿಲ್ಲ. ನೀವೂ ಹೇಳಬೇಡಿ ದಮಯಂತಕ್ಕ" ಎಂದಳು.

ಅಕ್ಕ ಮತ್ತೆ ಬಂದಿತ್ತು. ದಮಯಂತಿ ಹೂಂ ಎನ್ನಲಿಕ್ಕೆ ಹೊರಟಳು. ಆಗಲಿಲ್ಲ. ಬಾಯಿಯಲ್ಲಿ ಮೊದಲ ರಸ ತುಂಬಿ ತುಟಿಯವರೆಗೆ ಬಂದಿತ್ತು, ಉಗುಳಿಬಿಡಬೇಕಾದದ್ದು. ಉಗುಳಲಿಕ್ಕೆ ಅಂಗಳಕ್ಕೆ ಹೋಗಬೇಕು, ಹೋಗಬೇಕಾದರೆ ಹುಡುಗಿಯ ಮಾತಿಗೆ ಬೆನ್ನು ಹಾಕಿದಂತಾಗುತ್ತದೆ. ಎದುರಿಗೆ ಸಿಂಕ್ ಇತ್ತು. ಅವಳು ಸಿಂಕನ್ನು ನೋಡಿದಳು, ಬಿಳಿ ಗೋಡೆಯನ್ನು ನೋಡಿದಳು, ಎರಡು ಕೆಂಪು ಬೀಕರುಗಳನ್ನು ನೋಡಿದಳು. ಕಣ್ಣು ಮುಚ್ಚಿ ನುಂಗಿದಳು. ಎದೆಯುದ್ದಕ್ಕೂ ಉರಿಯುತ್ತ ಅದು ಇಳಿದುಹೋದ ಮೇಲೆ, "ಆಯಿತು" ಎಂದಳು, ಮತ್ತು ತೊಳೆಯಲಿಕ್ಕಿದ್ದ ಗಾಜಿನ ಕೋಲನ್ನು ಕೈಗೆ ತೆಗೆದುಕೊಂಡಳು.